ಹದಿನಾಲ್ಕನೇ ಕೋಣೆಯ ಸಾಮಾನು ಪಟ್ಟಿ

ಬಾಡಿಗೆ ಅವಧಿ ಮುಗಿಸಿ ಹೊರಡುವ ವಿದ್ಯಾರ್ಥಿಯು, ತಾನು ಬಂದ ದಿನ ಕೋಣೆಯಲ್ಲಿ ಏನೇನಿತ್ತೋ ಅದೆಲ್ಲವನ್ನೂ ಇದ್ದಂತೆಯೇ ಒಪ್ಪಿಸತಕ್ಕದ್ದು. ಇದು ವಸತಿಗೃಹದ ಒಂಬತ್ತನೇ ನಿಯಮ. ಇದರಲ್ಲಿ ತಪ್ಪು ಹುಡುಕಿದವರು ಈವರೆಗೆ ಯಾರೂ ಇಲ್ಲ.

ಹದಿನಾಲ್ಕನೇ ಕೋಣೆಯ ವಿದ್ಯಾರ್ಥಿಯೂ ಹುಡುಕಿರಲಿಲ್ಲ. ಔಷಧ ಶಾಸ್ತ್ರ ಓದಿ ಮುಗಿಸಿದ್ದ ಅವನು ಸೋಮವಾರ ದೂರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಅದಕ್ಕೆ ಅಂಕಪಟ್ಟಿ ಬೇಕು. ಅಂಕಪಟ್ಟಿ ಕೊಡಲು ಕಾಲೇಜಿಗೆ ವಸತಿಗೃಹದ ತೆರವು ಪತ್ರ ಬೇಕು. ಶುಕ್ರವಾರ ಬೆಳಿಗ್ಗೆ ಅವನ ಅಪ್ಪ ಬಾಡಿಗೆ ವ್ಯಾನಿನಲ್ಲಿ ಬಂದಿಳಿದರು. ಸರ್ಕಾರಿ ಕಚೇರಿಯೊಂದರ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು, ಆಗಷ್ಟೇ ನಿವೃತ್ತರಾದವರು.

ಮೇಲ್ವಿಚಾರಕರು ಪಟ್ಟಿ ಹಿಡಿದು ಓದತೊಡಗಿದರು.

"ಮಂಚ ಒಂದು, ಇದೆ. ಮೇಜು ಒಂದು, ಇದೆ. ಬಕೆಟ್ಟು ಒಂದು, ಹಿಡಿ ಮುರಿದದ್ದು. ಮುರಿದೇ ಇದೆ, ಸಂತೋಷ. ಗೋಡೆಗೆ ಮುಖ ಮಾಡಿ ಮಲಗಿರುವ ವ್ಯಕ್ತಿ, ಒಬ್ಬ." ಅವರು ಖಾಲಿ ಮಂಚದತ್ತ ನೋಡಿದರು. "ಎಲ್ಲಪ್ಪಾ ಇವನು?"

ವಿದ್ಯಾರ್ಥಿಗೆ ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಅವನು ಬಂದಾಗ ಹಳೆಯ ಬಾಡಿಗೆದಾರ ಇನ್ನೂ ಮಲಗಿದ್ದ. ಪಟ್ಟಿ ಮಾಡಲು ಬಂದ ವಸತಿಗೃಹದ ಗುಮಾಸ್ತ ಕಣ್ಣಿಗೆ ಕಂಡದ್ದನ್ನೆಲ್ಲ ಬರೆದುಕೊಂಡಿದ್ದ. ವಿದ್ಯಾರ್ಥಿ ಓದದೆ ಸಹಿ ಹಾಕಿದ್ದ.

"ಸಾರ್, ಅವನು ಅವತ್ತು ಸಂಜೆನೇ ಎದ್ದು ಹೋದ."

"ಲಿಖಿತವಾಗಿ ತಿಳಿಸಿ ಹೋದನಾ?"

"ಇಲ್ಲ ಸಾರ್, ಚಪ್ಪಲಿ ಹುಡುಕಿಕೊಂಡು ಹೋದ."

"ಹಾಗಾದ್ರೆ ನಿಮ್ಮ ವಶದಲ್ಲಿದ್ದಾಗ ಕಳೆದುಹೋಗಿದೆ ಅಂತಾಯ್ತು. ಅದಕ್ಕೆ ಸಮಾನವಾದದ್ದನ್ನ ತಂದಿಡಿ, ಪತ್ರ ಕೊಡ್ತೀನಿ."

ವಿದ್ಯಾರ್ಥಿ ಪಕ್ಕದ ಕೋಣೆಯ ಗೆಳೆಯನನ್ನು ಕರೆತಂದು ಮಲಗಿಸಿದ. ಮೇಲ್ವಿಚಾರಕರು ಒಪ್ಪಲಿಲ್ಲ. ಹದಿನೈದನೇ ಕೋಣೆಯ ಲೆಕ್ಕದಲ್ಲಿರುವವನು ಹದಿನಾಲ್ಕಕ್ಕೂ ಸೇರುವಂತಿಲ್ಲ. ಕಾವಲುಗಾರನನ್ನು ಕೇಳಿದ್ದಾಯಿತು. ತಾನು ಗೇಟಿನ ಬಳಿ ಮಲಗಿರುವುದಾಗಿ ಈಗಾಗಲೇ ಬೇರೆ ದಾಖಲೆಯಲ್ಲಿದೆ ಎಂದು ಅವನು ವಿನಯದಿಂದ ತಿಳಿಸಿದ. ಮಧ್ಯಾಹ್ನವಾಯಿತು. ವ್ಯಾನಿನವನು ಹಾರ್ನ್ ಹೊಡೆಯತೊಡಗಿದ.

ಅಪ್ಪ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಎರಡು ಸಲ ಓದಿದರು.

"ಎಲ್ಲಾ ಕ್ರಮಬದ್ಧವಾಗೇ ಇದೆ ಕಣೋ. ನಿಯಮ ಅಂದ್ಮೇಲೆ ನಿಯಮ," ಎಂದು ಚಪ್ಪಲಿ ಬಿಟ್ಟು ಮಂಚ ಹತ್ತಿ ಗೋಡೆಯತ್ತ ತಿರುಗಿ ಮಲಗಿದರು.

"ಅಪ್ಪಾ, ಏಳಿ! ಏನಿದು?"

"ಸೋಮವಾರ ಕೆಲಸಕ್ಕೆ ಹೋಗ್ಬೇಕೋ ಬೇಡ್ವೋ ನೀನು?"

ಮೇಲ್ವಿಚಾರಕರು ಗುರುತು ಹಾಕಿ, ಷರಾದಲ್ಲಿ 'ಸ್ವಲ್ಪ ಹಳೆಯದು, ಸುಸ್ಥಿತಿಯಲ್ಲಿದೆ' ಎಂದು ಬರೆದು ತೆರವು ಪತ್ರಕ್ಕೆ ಮೊಹರು ಒತ್ತಿದರು.

ಫೋನಿನಲ್ಲಿ ವಿಷಯ ಕೇಳಿದ ಅಮ್ಮ ಗಾಬರಿಯಾಗಲಿಲ್ಲ. "ರಿಟೈರಾದ ಮೇಲೆ ಮನೇಲೂ ಗೋಡೆ ನೋಡಿಕೊಂಡೇ ಮಲಗಿರ್ತಿದ್ರು. ಅಲ್ಲಾದ್ರೂ ಲೆಕ್ಕಕ್ಕೆ ಬಂದ್ರಲ್ಲ. ಸ್ವೆಟರ್ ಕಳಿಸ್ಬೇಕಾ ಕೇಳು," ಎಂದರು.

ಹೊಸ ವಿದ್ಯಾರ್ಥಿ ಬುಧವಾರ ಬಂದ. ಗೊರಕೆಯ ಬಗ್ಗೆ ಪಟ್ಟಿಯಲ್ಲಿ ಏನೂ ಇಲ್ಲವೆಂದು ಆಕ್ಷೇಪಿಸಿದ. ಆಕ್ಷೇಪ ನ್ಯಾಯವಾಗಿದ್ದುದರಿಂದ 'ಗೊರಕೆ ಸಹಿತ' ಎಂದು ಸೇರಿಸಲಾಯಿತು. ಅವನು ಸಹಿ ಹಾಕಿದ.

ಮೂರು ತಿಂಗಳ ನಂತರ ಮಗ ಮೊದಲ ರಜೆಯಲ್ಲಿ ವಸತಿಗೃಹಕ್ಕೆ ಬಂದ. ಅಪ್ಪ ಮೈಕೈ ತುಂಬಿಕೊಂಡಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಜೇಬಿನ ಮೇಲೆ ಸಾಮಾನು ಸಂಖ್ಯೆಯ ಚೀಟಿ. ಅವನು ಮಂಚದ ಅಂಚಿನಲ್ಲಿ ಕುಳಿತು ಮೆಲ್ಲಗೆ ಕೇಳಿದ:

"ಅಪ್ಪಾ, ಮೇಲಿನವರ ಹತ್ರ ಮಾತಾಡಿದ್ದೀನಿ. ಅರ್ಜಿ ಕೊಟ್ರೆ ಬಿಡ್ತಾರಂತೆ. ಮನೆಗೆ ಹೋಗೋಣ್ವಾ?"

ಅಪ್ಪ ಗೋಡೆಯತ್ತಲೇ ನೋಡುತ್ತ ಪಿಸುಗುಟ್ಟಿದರು:

"ಐದು ಗಂಟೆ ತನಕ ಮಾತಾಡಿಸಬೇಡ ಮಗು. ಡ್ಯೂಟೀಲಿದ್ದೀನಿ."