ಕಾಕಾನ ಕಂದೀಲು

ನಮ್ಮ ಕಾಕಾನ ತಲೆ ಸರಿ ಇದೆಯೇ? ಇದೆ, ಅದರೊಳಗೆ ಡಾಕ್ಟರೇಟೂ ಇದೆ! ಅವನ ಕೆಲಸ ಏನೆಂದು ಕೇಳಿದವರ ತಲೆ ಮಾತ್ರ ಸರಿ ಉಳಿದಿಲ್ಲ.

ಕಾರ್ಖಾನೆಗಳ ಕಾರ್ಬನ್ ಡೈಆಕ್ಸೈಡನ್ನು ನೆಲದಾಳದ ಕಲ್ಲಿನೊಳಗೆ ತುಂಬಿದರೆ ಮೇಲಿನ ಬಂಡೆ ಬಿರಿಯುತ್ತದೋ ಇಲ್ಲವೋ ಎಂದು ರಾಮತೀರ್ಥ ನಗರದ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕುತ್ತಾನಂತೆ. ನನಗಂತೂ ಗೊಂದಲ. ಅವನ ತಾಯಿ, ಅಂದರೆ ನಮ್ಮ ಆಯಿ, ಒಮ್ಮೆ ಕೇಳಿಯೇಬಿಟ್ಟಳು.

"ಅಲ್ಲೋ, ಆ ಗಾಳಿ ನೆಲದಾಗ ಸುಮ್ಮನ ಕುಂದರತೈತೇನು?"

"ಕುಂದರತೈತೋ ಇಲ್ಲೋ ಅಂತ ನೋಡೂದ ನನ್ನ ಕೆಲಸ, ಯವ್ವಾ."

"ನಿನಗೂ ಗೊತ್ತಿಲ್ಲಂದ್ರ ಪಗಾರ ಯಾಕ ಕೊಡತಾರ?"

ಅವನ ಹೆಂಡತಿ, ನಮ್ಮ ಕಾಕು, ರೊಟ್ಟಿ ಬೇಯಿಸುವಾಗ ಕಾಕಾ ಒಲೆಯ ಬಾಜೂಕ್ಕೆ ನಿಂತುಬಿಡುತ್ತಾನೆ. ರೊಟ್ಟಿ ಉಬ್ಬಿದರೆ ಮುಖ ಅರಳುತ್ತದೆ. ತೂತು ಬಿದ್ದು ಉಗಿ ಹೊರಬಂತೋ, "ಮ್ಯಾಲಿನ ಪದರ ಸೀಳಿತು! ಒತ್ತಡ ಮಿತಿ ಮೀರೇತಿ!" ಎಂದು ಕೂಗು.

"ಮಿತಿ ಮೀರಿದ್ದು ನಿಮ್ಮ ಬಾಯಿ ರೀ. ಊಟಕ್ಕ ಕುಂದರ್ರಿ."

ಮಹಾಂತೇಶ ನಗರದ ನಮ್ಮ ಮನೆಯ ನೆಲದೊಳಗಿನ ನೀರಿನ ಟಾಕಿ ತೊಳೆಸುವ ದಿನವಂತೂ ಕಂದೀಲು ಹಿಡಿದು ಬಂದ. ಹಾಡುಹಗಲು! ಹೊತ್ತಿಸಿ, ಹಗ್ಗಕ್ಕೆ ಕಟ್ಟಿ ಒಳಗಿಳಿಸಿದ.

ತೊಳೆಯಲು ಬಂದವನು ಕಕ್ಕಾಬಿಕ್ಕಿ. "ಸಾಹೇಬ್ರ, ನನ್ನ ಕಡೆ ಬ್ಯಾಟರಿ ಐತ್ರಿ."

"ಬ್ಯಾಟರಿ ಉಸರಾಡೂದಿಲ್ಲಪಾ," ಎಂದ ಕಾಕಾ. ನಮ್ಮಿಬ್ಬರಿಗೂ ಏನೂ ತಿಳಿಯಲಿಲ್ಲ.

ತಿಳಿದದ್ದು ಈ ಬೇಸಿಗೆಯಲ್ಲಿ, ಖಾನಾಪುರದ ಕಡೆಯ ನಮ್ಮೂರು ಬೀಡಿಯಲ್ಲಿ. ಮನೆಯ ಅಂಗಳದಲ್ಲಿ ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವು, ನೆಲದೊಳಗಿನ ಕಣಜ, ವರ್ಷಗಟ್ಟಲೆ ಮುಚ್ಚಿಯೇ ಇತ್ತು. ಚೊಕ್ಕ ಮಾಡೋಣವೆಂದು ಅಪ್ಪ ಬಾಯಿಕಲ್ಲು ಸರಿಸಿ, ಈಗ ಖಾಲಿ ಹಗೇವಲ್ಲವೇ ಎಂದು ಇಳಿಯಲು ಹೊರಟ. ಕಾಕಾ ಓಡಿಬಂದು ಅಣ್ಣನ ರಟ್ಟೆ ಹಿಡಿದೆಳೆದ. ಕಂದೀಲು ಇಳಿಸಿದ. ಅರ್ಧಕ್ಕೇ ಆರಿತು.

"ನೋಡಣ್ಣಾ, ಒಳಗ ಕೆಟ್ಟ ಗಾಳಿ ಐತಿ, ದೀಪಕ್ಕೂ ಉಸರ ಸಿಗವಲ್ದು. ಅಪ್ಪ ಸತ್ತದ್ದು ಇದರಾಗ." ಆರಿದ ಕಂದೀಲನ್ನು ಮೇಲೆಳೆದ. "ಅವತ್ತ ಕಂದೀಲ ಯಾಕ ಇಳಿಸಲಿಲ್ಲ ಗೊತ್ತೇನು? ಹಿಂದಿನ ದಿನ ಆಡಾಕ ಹೋಗಿ ನಾನ ಅದರ ಗಾಜ ಒಡದು ಮುಚ್ಚಿಟ್ಟಿದ್ದೆ."

ಅಜ್ಜ ಹಗೇವಿನಲ್ಲಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಒಡೆದ ಕಂದೀಲಿನ ಮಾತು ಅಪ್ಪನಿಗೂ ಹೊಸದು.

ಕಟ್ಟೆಯ ಮೇಲಿದ್ದ ಆಯಿ ಎದ್ದು ಬಂದಳು. "ಒಡದದ್ದು ನನಗ ಆವಾಗ ಸಿಕ್ಕಿತ್ತೋ. ಇನ್ನೊಂದು ಕಂದೀಲ ಬಾಗಲದಾಗ ತೂಗತಿತ್ತು. ನಿಮ್ಮಪ್ಪಗ ಅವಸರ, ತಗೊಳ್ಳಲೇ ಇಲ್ಲ. ಇಷ್ಟ ವರ್ಷ ಇದನ್ನ ಹೊಟ್ಯಾಗ ಇಟಗೊಂಡ ಕುಂತೀಯೇನು, ಮಗನ?"

ಕಾಕಾ ಅಲ್ಲೇ ಕುಸಿದು ಕೂತು ಅತ್ತ. ನನಗೂ ತಡೆಯಲಾಗಲಿಲ್ಲ.

ಬಾಯಿ ತೆರೆದಿಟ್ಟು ದಿನವಿಡೀ ಪಂಖ ಹಚ್ಚಿ ಗಾಳಿ ಊದಿಸಿದೆವು. ಮರುದಿನ ಕಂದೀಲನ್ನು ಆಯಿಯೇ ಇಳಿಸಿದಳು, ಮಗನ ಕೈಯನ್ನೂ ಹಗ್ಗಕ್ಕೆ ಹಚ್ಚಿಸಿ. ತಳ ಮುಟ್ಟಿದರೂ ಉರಿಯುತ್ತಲೇ ಇತ್ತು.

"ಆರಲಿಲ್ಲ ನೋಡು," ಎಂದಳು. "ಇನ್ನರೆ ಉಸರ ಬಿಡು."