ಮೂರು ಹನಿ ಊದ್

ಜತ್ತಪ್ಪನ ಮೈಯ ಒಣಮೀನಿನ ವಾಸನೆ ಎಷ್ಟು ಸೋಪು ತಿಕ್ಕಿದರೂ ಹೋಗಲಿಲ್ಲ. ಹೋದದ್ದು ಹೆಂಡತಿ. ಬಂಟ್ವಾಳ ಪೇಟೆಯ ಒಣಮೀನಿನ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಗಂಡನನ್ನು ಬಿಟ್ಟು ಲೋಲಾಕ್ಷಿ ವೇಣೂರಿನ ತವರು ಸೇರಿ ತಿಂಗಳಾಗಿತ್ತು. ವಾಸನೆ ಬಿಟ್ಟು ಬಂದರೆ ಮಾತ್ರ ತಾನೂ ಬರುವುದಾಗಿ ಹೇಳಿ ಕಳಿಸಿದ್ದಳು.

ಅದಕ್ಕೇ ಅವನು ಈ ಭಾನುವಾರ ಅತ್ತರಿನ ಅಬ್ದುಲ್ ಶುಕೂರರ ಅಂಗಡಿಯಲ್ಲಿ ಕೂತಿದ್ದ. ಹಜ್ಜಿಗೆ ಹೋದ ತಮ್ಮ ಮಾವ ಹಡಗಿನಲ್ಲಿ ತಂದ, ಅಗರು ಮರದ ಊದ್ ಎಣ್ಣೆಯನ್ನು ಅವರು ಗಾಜಿನ ಕಡ್ಡಿಯಿಂದ ಅವನ ಶಾಲಿಗೆ ಮೂರು ಹನಿ ಮುಟ್ಟಿಸಿದರು. ಜತ್ತಪ್ಪ ಮೂಸಿ ಹಿಂದಕ್ಕೆ ಹಾರಿದ.

"ಇದು ದನದ ಹಟ್ಟಿಯ ವಾಸನೆ ಅಲ್ವಾ ಶುಕೂರಾಕ!"

"ಒಳ್ಳೆಯ ಊದಿನ ಗುರುತೇ ಅದು. ಸುರುವಿಗೇ ಸಿಹಿಯಾದರೆ ಕಲಬೆರಕೆ. ಈಗ ಹಟ್ಟಿ, ಒಂದು ಗಂಟೆ ಬಿಟ್ಟು ಕಾಡು, ಮತ್ತೆ ಜೇನು. ಬಟ್ಟೆಯಲ್ಲಿ ತಿಂಗಳು ನಿಲ್ತದೆ. ನಿಮಗೆ ತಾಳ್ಮೆ ಉಂಟಾ?"

ಅವನಿಗಿತ್ತು. ವೇಣೂರಿನ ಬಸ್ಸಿಗಿರಲಿಲ್ಲ.

"ಕಂಡಕ್ಟರೇ, ಯಾರೋ ಹೋತ ಹತ್ತಿಸಿದ್ದಾರೆ!" ನೆರೆಮನೆಯ ಮುಂಡಪ್ಪ ಸೀಟುಗಳ ಅಡಿಗೆ ಬಗ್ಗಿ ಹುಡುಕತೊಡಗಿದ. ಒಬ್ಬಳು ಸೆರಗಿನಿಂದ ಮೂಗು ಮುಚ್ಚಿದಳು. ಕೋಳಿಬುಟ್ಟಿಯ ಮುದುಕ ತನ್ನ ಕೋಳಿಗಳನ್ನೇ ಅನುಮಾನದಿಂದ ನೋಡಿದ. ಕಂಡಕ್ಟರು ಮೂಗು ಹಿಡಿದ ದಾರಿಯಲ್ಲೇ ಬಂದು ಜತ್ತಪ್ಪನ ಮುಂದೆ ನಿಂತ.

"ಊದ್... ಒಂದು ಗಂಟೆಯಲ್ಲಿ ಕಾಡಾಗ್ತದೆ," ಎಂದ ಜತ್ತಪ್ಪ.

"ಕಾಡಾಗುವವರೆಗೆ ಮೇಲೆ ಕೂತ್ಕೊಳ್ಳಿ ಮಾರಾಯ್ರೇ."

ಬಸ್ಸಿನ ಮಾಡಿನ ಮೇಲೆ, ಹಲಸಿನಹಣ್ಣುಗಳ ನಡುವೆ, ಅವನು ಇನ್ನೊಂದು ಹಲಸಿನಂತೆ ಕೂತ. ಗಾಳಿ ಶಾಲನ್ನು ಅವನ ಮುಖಕ್ಕೆ ತಂದಿತು. ಹಟ್ಟಿ ಮಂಜಿನಂತೆ ಸರಿಯುತ್ತಿತ್ತು. ಅದರ ಹಿಂದೆ ಹಳೆಯ ಮರವೊಂದು ಬಂದು ನಿಂತಿತು. ಯಾರೂ ಕಡಿಯದ, ಯಾರೂ ಹೆಸರಿಡದ ಮರ. ಅವನು ಕಣ್ಣು ಮುಚ್ಚಿದ. ಬಸ್ಸು ಹಡಗಾಯಿತು. ಪ್ರತಿ ತಿರುವಿನಲ್ಲೂ ಒಂದೊಂದು ಬಂದರು, ಪ್ರತಿ ಬಂದರಿನಲ್ಲೂ ಲೋಲಾಕ್ಷಿ. ಫಲ್ಗುಣಿ ಹೊಳೆ ಕಂಡಾಗ ಅದು ಯಾವ ದೇಶದ ನದಿಯೆಂದು ಒಂದು ಕ್ಷಣ ಅವನಿಗೆ ತಿಳಿಯಲಿಲ್ಲ.

ನೀರಿನ ಚೆಂಬು ಹಿಡಿದು ಬಂದ ಲೋಲಾಕ್ಷಿ ತವರಿನ ಹೊಸ್ತಿಲಲ್ಲೇ ನಿಂತಳು. ಚೆಂಬು ವಾಲಿ ನೀರು ಕಾಲಿಗೆ ಸುರಿದರೂ ಅವಳಿಗೆ ಗೊತ್ತಾಗಲಿಲ್ಲ. ಶಾಲಿನ ತುದಿಯನ್ನು ಮುಖಕ್ಕೆ ಒತ್ತಿಕೊಂಡಳು.

"ಎಲ್ಲಿಯೋ ದೂರ ಜೇನು ಹಿಂಡಿದ ಹಾಗೆ... ಇದು ಎಷ್ಟು ದಿನ ನಿಲ್ತದೆ?"

"ಒಂದು ತಿಂಗಳು!" ಎಂದ ಜತ್ತಪ್ಪ, ಕಾಡನ್ನೇ ತಾನು ಬೆಳೆಸಿದವನಂತೆ.

ಅವಳು ಶಾಲನ್ನು ಮೆಲ್ಲಗೆ ಅವನ ಹೆಗಲಿನಿಂದ ಎಳೆದು ಹೊದ್ದುಕೊಂಡಳು. ಅವನ ಜೀವ ತೇಲಿತು. ಅವಳು ಇನ್ನೂ ಹತ್ತಿರ ಬಂದಳು. ಬರಿಯ ಹೆಗಲನ್ನು ಮೂಸಿದಳು. ಕಣ್ಣು ಬಿಟ್ಟಳು.

"ಶಾಲು ಇಲ್ಲಿರಲಿ. ನೀವು ಹೊರಡಿ."

"ಮತ್ತೆ ನೀನು?"

"ಇದರ ಪರಿಮಳ ಮುಗಿಯಲಿ. ಮತ್ತೆ ನೋಡುವ."

ಸಂಜೆ ಅದೇ ಬಸ್ಸು ಬಂತು. ಜತ್ತಪ್ಪ ಯಾರೂ ಹೇಳದೆಯೇ ಹಿಂದಿನ ಏಣಿ ಹತ್ತತೊಡಗಿದ. ಕಂಡಕ್ಟರು ಓಡಿ ಬಂದು ಅವನನ್ನು ಮೂಸಿದ. ಕಂಡಕ್ಟರ ಮುಖ ಅರಳಿತು.

"ಎಲ್ಲಿಗೆ ಹತ್ತುವುದು ಮಾರಾಯ್ರೇ? ಒಳಗೆ ಬನ್ನಿ. ಬರೇ ಒಣಮೀನು ಅಲ್ವಾ? ನಮ್ಮ ಮನೆಯ ಹಾಗೇ ಉಂಟು!"