ಖಾಲಿ ಪಾತ್ರೆ ವಾಪಸ್ ಕೊಡಬಾರದು

ನನ್ನ ಹೆಂಡತಿ ಸ್ಟೀಲ್ ಪಾತ್ರೆ ಹಿಡಿದು ಹೊಸ್ತಿಲು ದಾಟಿದಳೆಂದರೆ ಏನಾದರೊಂದು ಪ್ರಸಂಗ ನಡೆಯದೆ ಇರುವುದಿಲ್ಲ. ಎಂಬತ್ತರ ದಶಕದಲ್ಲಿ, ನಾವು ಅಮೆರಿಕದ ಸ್ಯಾನ್ ರಮೋನ್‌ನಲ್ಲಿದ್ದಾಗ ನಡೆದದ್ದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ.

೧. ತಿಳಿಸಾರು

ಪಕ್ಕದ ಮನೆಯ ಅಮೆರಿಕನ್ ಮುದುಕರ ಹೆಂಡತಿ ತೀರಿಕೊಂಡರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ಕೊಡಬೇಕು ಎಂದು ನನ್ನವಳು ತವರಿನ ಪಾತ್ರೆಯಲ್ಲಿ ಸಾರನ್ನ ಕಲಸಿಕೊಂಡು ಹೊರಟಳು.

"ಅವರು ಸಾರು ತಿಂತಾರೇನೇ?"

"ಹಸ್ಕೊಂಡು ಕೂತಿರೋದಕ್ಕಿಂತ ವಾಸಿ ಅಲ್ವೇನ್ರಿ?"

ಹಿಂದೊಮ್ಮೆ ಆ ಪುಣ್ಯಾತಗಿತ್ತಿ ಕೇಕು ಕೊಟ್ಟಿದ್ದ ತಟ್ಟೆಯನ್ನೂ ಒಂದು ಚಮಚ ಸಕ್ಕರೆ ಹಾಕಿ ವಾಪಸ್ ಕೊಟ್ಟಳು. ಸಕ್ಕರೆ ಯಾಕೆಂದು ಮುದುಕರು ಕೇಳಿದರು. ನಮ್ಮಲ್ಲಿ ಖಾಲಿ ಪಾತ್ರೆ ಹಿಂದಿರುಗಿಸುವುದಿಲ್ಲ ಎಂದು ಜೊತೆಗೆ ಹೋಗಿದ್ದ ನಾನು ವಿವರಿಸಿದೆ. ಆಮೇಲೆ ಅವರು ಕಣ್ಣೊರೆಸಿಕೊಳ್ಳುತ್ತಲೇ ಊಟ ಮಾಡಿದರು. ಆ ನೀರು ದುಃಖದ್ದೋ ಮೆಣಸಿನದೋ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

೨. ಸ್ಟ್ಯೂ

ಮುಂದಿನ ಭಾನುವಾರ ಮುದುಕರು ಬಾಗಿಲು ತಟ್ಟಿದರು. ಕೈಯಲ್ಲಿ ನಮ್ಮ ಪಾತ್ರೆ. ಹೆಮ್ಮೆಯಿಂದ ಮುಚ್ಚಳ ತೆಗೆದರು: ಬಿಯರ್ ಹಾಕಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸದ ಸ್ಟ್ಯೂ! ನನ್ನವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಭಾನುವಾರ ಬಂದರೆ ಅವಳು ಇದನ್ನೇ ಮಾಡುತ್ತಿದ್ದಳು," ಎಂದರು ಮುದುಕರು. "ನಾನು ಮಾಡಿದ್ದು ಇದೇ ಮೊದಲು. ಆದರೆ ಅವಳ ಕೈರುಚಿ ಬರಲಿಲ್ಲ. ಅವಳ ಜೊತೆ ಅದೂ ಹೋಯಿತು."

ನಾವು ಮಾಂಸ ತಿನ್ನುವುದಿಲ್ಲ ಎಂದು ತಡವರಿಸುತ್ತಾ ಹೇಳಿದೆ. ಪಾಪ, ಅವರ ಮುಖ ಬಾಡಿಹೋಯಿತು. "ನಿಮ್ಮ ಪಾತ್ರೆ ಹಾಳು ಮಾಡಿದೆನಲ್ಲ!" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ನನ್ನವಳಿಗೆ ತಡೆಯಲಾಗಲಿಲ್ಲ. ಸೆರಗು ಸರಿಸಿ ಒಮ್ಮೆ ಉಸಿರು ಎಳೆದುಕೊಂಡಳು. "ರೀ, ಅದಕ್ಕೆ ಉಪ್ಪೇ ಬಿದ್ದಿಲ್ಲ ಅಂತ ಹೇಳ್ರಿ."

ನೈವೇದ್ಯದ ಅಡುಗೆಯನ್ನು ರುಚಿ ನೋಡುವ ಹಾಗಿಲ್ಲವಲ್ಲ. ಚಿಕ್ಕಂದಿನಿಂದ ವಾಸನೆಯಲ್ಲೇ ಉಪ್ಪು ಕಂಡುಹಿಡಿಯುವವಳು ಅವಳು. ದೇವರು ಆ ವಿದ್ಯೆ ಕೊಟ್ಟದ್ದು ಈ ಕೆಲಸಕ್ಕಂತೂ ಇರಲಾರದು.

೩. ಕ್ಯಾರೆಟ್

ನನ್ನವಳು ಮುದುಕರ ಅಡುಗೆಮನೆ ಬಾಗಿಲಲ್ಲೇ ನಿಂತು, ಸ್ಟ್ಯೂ ಮತ್ತೆ ಕುದಿಯುತ್ತಿದ್ದ ಒಲೆಯ ಕಡೆ ಮೂಗು ಚಾಚಿ, "ಇನ್ನೊಂದು ಚಿಟಿಕೆ... ಇನ್ನೊಂಚೂರು... ಸಾಕು," ಎಂದಳು. ಮುದುಕರು ಒಂದು ಚಮಚ ಬಾಯಿಗಿಟ್ಟುಕೊಂಡು, ಇನ್ನೊಂದು ಚಮಚ ತೆಗೆದುಕೊಂಡರು. ಆಮೇಲೆ, "ಇದು ಅವಳದೇ," ಎಂದರು. ನಮಗೂ ಅಳು ಬಂತು.

ಸಂಜೆ ಪಾತ್ರೆ ಫಳಫಳ ಹೊಳೆಯುತ್ತಾ ಮತ್ತೆ ಬಂತು. ಸ್ಟ್ಯೂ ಜೊತೆ ನೆಂಚಿಕೊಳ್ಳಲು ಮಾಡಿದ ಕ್ಯಾರೆಟ್ಟು ಒಳಗಿತ್ತು. "ಮಾಂಸದ ಚೂರೂ ಇಲ್ಲ, ಆಣೆ," ಎಂದು ಕೊಟ್ಟು ಹೋದರು.

ಮನೆಯೊಳಗೆ ಒಂದು ಬಾಟಲಿ ಬಿಯರ್ ತರಲು ನನ್ನನ್ನು ಎಂದೂ ಬಿಡದವಳು ಮುಚ್ಚಳ ತೆಗೆದು ಮೂಸಿದಳು.

"ರೀ, ಮಿಕ್ಕಿದ್ದ ಬಿಯರ್‌ನೆಲ್ಲಾ ಇದಕ್ಕೇ ಸುರಿದಿದಾರೆ."

ಅವಳು ಪಾತ್ರೆಯನ್ನೇ ನೋಡುತ್ತಾ ಒಂದು ಗಳಿಗೆ ನಿಂತಿದ್ದು, ಎರಡು ತಟ್ಟೆ ಹಾಕಿದಳು. "ಪಾಪ, ಒಬ್ಬರೇ ನಿಂತ್ಕೊಂಡು ಮಾಡಿದಾರೆ. ತಿನ್ನಿ."

ಇಬ್ಬರೂ ತಿಂದೆವು. ಕೊನೆಗೆ ಅವಳು ಪಾತ್ರೆ ಬಗ್ಗಿಸಿ, ತಳದಲ್ಲಿದ್ದ ರಸವನ್ನೂ ತಟ್ಟೆಗೆ ಬಸಿದುಕೊಂಡು ಗಂಭೀರವಾಗಿ ಹೇಳಿದಳು:

"ಉಪ್ಪು ಸರಿಯಾಗಿದೆ."